ಯಾರೂ ಔಟಾಗದ ಆಟ

ನಮ್ಮ ಪಾಠಯೋಜನೆಗಳಲ್ಲಿ ಆಟಕ್ಕೆ ಜಾಗವಿಲ್ಲ ಎಂದು ಯಾರೂ ದೂರುವಂತಿಲ್ಲ. ಬೋಧನಾಭ್ಯಾಸದ ಅವಧಿಯಲ್ಲಿ ನಾವು ಬರೆದ ಯೋಜನೆಗಳನ್ನು ಒಂದು ಕಡೆಯಿಂದ ತೆರೆದು ನೋಡಿದರೆ, 'ತೊಡಗಿಸಿಕೊಳ್ಳುವಿಕೆ' ಎಂಬ ಹಂತದ ಎದುರಿಗೆ ಒಂದು ಒಗಟೋ, ಒಂದು ಹಾಡೋ, ಒಂದು ಚಿಕ್ಕ ಆಟವೋ ಇದ್ದೇ ಇರುತ್ತದೆ. ಅದಕ್ಕೆ ಐದು ನಿಮಿಷ. ಆಮೇಲೆ ಮಕ್ಕಳು ಕೂರುತ್ತಾರೆ, ನಾವು ನಿಲ್ಲುತ್ತೇವೆ, ಪಾಠ ಶುರುವಾಗುತ್ತದೆ. ಹೀಗೆ ಆಟವೆಂಬುದು ಪಾಠದ ಬಾಗಿಲಿಗೆ ಕಟ್ಟಿದ ತೋರಣವಾಗಿ ಉಳಿದಿದೆ. ವೀಕ್ಷಣೆಗೆ ಬಂದ ಉಪನ್ಯಾಸಕರು ಅದನ್ನು ನೋಡಿ ಸಂತೋಷಪಡುತ್ತಾರೆ, ನಾವು ಅಂಕ ಪಡೆಯುತ್ತೇವೆ. ವೀಕ್ಷಕರು ಬಾರದ ದಿನ ತೋರಣವೂ ಇರುವುದಿಲ್ಲ.

ಈ ಲೇಖನದಲ್ಲಿ ನಾನು ಎರಡು ಮಾತು ಹೇಳಬೇಕೆಂದಿದ್ದೇನೆ. ಮೊದಲನೆಯದು, ಸರಳ ಗುಂಪು ಆಟಗಳು ಪಾಠದ ಪೀಠಿಕೆಯಿಂದ ಪಾಠದ ಒಳಗೆ ಬರಬೇಕು. ಎರಡನೆಯದು, ನನಗೆ ಹೆಚ್ಚು ಮುಖ್ಯವಾದದ್ದು: ತರಗತಿಯ ಆಟದಲ್ಲಿ ಯಾವ ಮಗುವೂ ಔಟಾಗಬಾರದು. ಬಿ.ಎಸ್ಸಿ. ಮುಗಿಸಿ ಬಿ.ಇಡಿ.ಗೆ ಬಂದ ನನ್ನ ಬೋಧನಾ ವಿಷಯಗಳು ಗಣಿತ ಮತ್ತು ವಿಜ್ಞಾನ. ಆದ್ದರಿಂದ ಉದಾಹರಣೆಗಳೂ ಆ ಎರಡರಿಂದಲೇ ಬಂದಿವೆ. ಭಾಷೆ, ಸಮಾಜ ವಿಜ್ಞಾನದ ಸ್ನೇಹಿತರು ತಮ್ಮ ವಿಷಯಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಬಹುದು.

ನಮಗೆ ಕಲಿಸದ ಕೌಶಲ

ಪ್ರಶಿಕ್ಷಣಾರ್ಥಿಗಳು ಆಟವೆಂದರೆ ಹಿಂಜರಿಯುವುದಕ್ಕೆ ಕಾರಣ ನಮ್ಮ ತರಬೇತಿಯಲ್ಲೇ ಇದೆ. ಬೋಧನಾಭ್ಯಾಸಕ್ಕೆ ಮೊದಲು ನಾವು ಸೂಕ್ಷ್ಮ ಬೋಧನೆ ಮಾಡುತ್ತೇವೆ. ಆರು ನಿಮಿಷ ಬೋಧನೆ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ಮರುಯೋಜನೆ, ಆರು ನಿಮಿಷ ಮರುಬೋಧನೆ, ಮತ್ತೆ ಆರು ನಿಮಿಷ ಹಿಮ್ಮಾಹಿತಿ, ಒಟ್ಟು 36 ನಿಮಿಷದ ಚಕ್ರ. ಎದುರಿಗೆ ಐದರಿಂದ ಹತ್ತು ಮಂದಿ ಸಹಪಾಠಿಗಳು. ಪೀಠಿಕಾ ಕೌಶಲ, ಪ್ರಶ್ನಿಸುವ ಕೌಶಲ, ವಿವರಣಾ ಕೌಶಲ, ಪುನರ್ಬಲನ ಕೌಶಲ, ಕಪ್ಪುಹಲಗೆ ಬಳಸುವ ಕೌಶಲ ಎಂದು ಒಂದೊಂದಾಗಿ ಅಭ್ಯಾಸ ಮಾಡುತ್ತೇವೆ. ಇವೆಲ್ಲ ಬೇಕಾದ ಕೌಶಲಗಳೇ. ಆದರೆ ಇವುಗಳಲ್ಲಿ ಹೆಚ್ಚಿನವು ಶಿಕ್ಷಕರ ಬಾಯಿ ಮತ್ತು ಕೈಗೆ ಸಂಬಂಧಿಸಿದವು.

ಪ್ರಚೋದನಾ ಬದಲಾವಣೆ ಕೌಶಲವನ್ನೇ ತೆಗೆದುಕೊಳ್ಳಿ. ಅದರಲ್ಲಿ 'ಚಲನೆ' ಎಂದರೆ ಶಿಕ್ಷಕರು ಹಲಗೆಯಿಂದ ಬೆಂಚಿನ ಕಡೆಗೆ ನಡೆಯುವುದು. 'ಹಾವಭಾವ' ಎಂದರೆ ಶಿಕ್ಷಕರ ಹಾವಭಾವ. ಕೆಲವು ಪಟ್ಟಿಗಳಲ್ಲಿ ವಿದ್ಯಾರ್ಥಿಗಳ ದೈಹಿಕ ಭಾಗವಹಿಸುವಿಕೆ ಎಂಬ ಅಂಶವೂ ಇದೆ. ಅದನ್ನು ನಾವು ಒಬ್ಬ ಹುಡುಗನನ್ನು ಕರೆದು ಹಲಗೆಯ ಮೇಲೆ ಒಂದು ಪದ ಬರೆಸಿ ಪೂರೈಸುತ್ತೇವೆ. ಉಳಿದ ಮೂವತ್ತೊಂಬತ್ತು ಮಕ್ಕಳ ಮೈ ಬೆಂಚಿಗೆ ಅಂಟಿಕೊಂಡೇ ಇರುತ್ತದೆ. ನಲವತ್ತು ಮಕ್ಕಳನ್ನು ಒಟ್ಟಿಗೆ ಎಬ್ಬಿಸಿ, ಓಡಾಡಿಸಿ, ಮತ್ತೆ ಕೂರಿಸಿ, ಆ ಓಡಾಟದಿಂದ ಒಂದು ಪರಿಕಲ್ಪನೆಯನ್ನು ಹೊರತೆಗೆಯುವ ಕೌಶಲಕ್ಕೆ ಆರು ನಿಮಿಷವೂ ಸಿಕ್ಕಿಲ್ಲ. ಅಭ್ಯಾಸವೇ ಇಲ್ಲದ ಕೆಲಸವನ್ನು ವೀಕ್ಷಕರ ಎದುರು ಮಾಡಲು ಯಾರು ತಾನೇ ಧೈರ್ಯ ಮಾಡುತ್ತಾರೆ?

ಮೂರನೇ ತರಗತಿಯ ನಂತರ ಆಟ ಎಲ್ಲಿಗೆ ಹೋಯಿತು?

ಕರ್ನಾಟಕಕ್ಕೆ ಆಟದ ಮೂಲಕ ಕಲಿಕೆ ಹೊಸದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ 'ನಲಿ-ಕಲಿ', ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದು, ಶಿಕ್ಷಕರೇ ಕೂತು ಕಟ್ಟಿದ ಪದ್ಧತಿ. 2009-10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಿತು. ನೆಲದ ಮೇಲೆ ಗುಂಪು, ಕಾರ್ಡು, ಹಾಡು, ಆಟ ಎಲ್ಲವೂ ಅಲ್ಲಿವೆ. ಅದೇ ಮಗು ನಾಲ್ಕನೇ ತರಗತಿಗೆ ಬಂದಾಗ ಸಾಲು ಬೆಂಚು ಸಿಗುತ್ತದೆ. ನಾವು ಬೋಧನಾಭ್ಯಾಸಕ್ಕೆ ಹೋಗುವ ಎಂಟು, ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ಮಗುವಿಗೆ ಅನುಮತಿಯಿರುವ ಚಲನೆಗಳು ಎರಡೇ: ಕೈ ಎತ್ತುವುದು, ಎದ್ದು ನಿಂತು ಉತ್ತರ ಹೇಳುವುದು.

ಕಾಯ್ದೆ, ನೀತಿಗಳು ಇದನ್ನು ಒಪ್ಪುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಮು ಚಟುವಟಿಕೆ, ಅನ್ವೇಷಣೆ, ಪರಿಶೋಧನೆಯ ಮೂಲಕ ಮಗುಸ್ನೇಹಿಯಾಗಿ ಕಲಿಸಬೇಕು ಎನ್ನುತ್ತದೆ. ಈ ಕಾಯ್ದೆ ಎಂಟನೇ ತರಗತಿಗೂ ಅನ್ವಯಿಸುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕ್ರೀಡೆಯನ್ನು ಪಾಠದೊಳಗೆ ಬೆರೆಸುವ ಬಗ್ಗೆ ಪ್ರತ್ಯೇಕವಾಗಿಯೇ ಹೇಳಿದೆ. 5ರಿಂದ 17 ವರ್ಷದ ಮಕ್ಕಳ ಮೈ ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಆಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

'ನಮ್ಮ ಕಡೆ ಮಕ್ಕಳಿಗೆ ತೋಟವಿದೆ, ಕಾಯಿ ಆಯುತ್ತಾರೆ, ದನ ಕಟ್ಟುತ್ತಾರೆ, ಮೈಗೆ ಬೇಕಾದಷ್ಟು ಕೆಲಸವಿದೆ' ಎಂದು ಮಾಯಸಂದ್ರದ ಸುತ್ತಮುತ್ತ ಯಾರಾದರೂ ಹೇಳಬಹುದು. ಅದು ನಿಜ. ಆದರೆ ಬೆಳಿಗ್ಗೆ ತೋಟದಲ್ಲಿ ಓಡಾಡಿ ಬಂದ ಮೈಗೆ ಆರು ಗಂಟೆ ಅಲುಗಾಡದೆ ಕೂರುವುದು ಇನ್ನೂ ಕಷ್ಟ. ಶಾಲೆಯ ಮೈದಾನದ ಕಡೆ ನೋಡಿದರೆ ಇನ್ನೊಂದು ವಿಷಯ ಕಾಣುತ್ತದೆ. ಬಿಡುವಿನಲ್ಲಿ ಹುಡುಗರು ಬ್ಯಾಟು ಹಿಡಿದು ಇಡೀ ಮೈದಾನವನ್ನು ತಮ್ಮದು ಮಾಡಿಕೊಳ್ಳುತ್ತಾರೆ. ಎಂಟನೇ ತರಗತಿ ದಾಟಿದ ಹೆಣ್ಣುಮಕ್ಕಳು ಜಗಲಿಯ ಮೇಲೆ ಕೂತು ನೋಡುತ್ತಾರೆ. ದೈಹಿಕ ಶಿಕ್ಷಣದ ಅವಧಿ ಪರೀಕ್ಷೆ ಹತ್ತಿರವಾದಂತೆ ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಆ ಅವಧಿಗಳನ್ನು ಪಡೆದುಕೊಳ್ಳುವ ವಿಷಯದವಳಾಗಿ ನನಗನ್ನಿಸುವುದು, ನಾವು ತೆಗೆದುಕೊಂಡ ಚಲನೆಯಲ್ಲಿ ಸ್ವಲ್ಪವನ್ನಾದರೂ ಪಾಠದೊಳಗೆ ಹಿಂದಿರುಗಿಸಬೇಕು. ಮೈದಾನಕ್ಕೆ ಇಳಿಯದ ಹುಡುಗಿ ತರಗತಿಯ ಆಟದಲ್ಲಿ '24' ಎಂಬ ಸಂಖ್ಯೆಯಾಗಿಯೋ ಒಂದು ಹುಳುವಾಗಿಯೋ ಸಂಕೋಚವಿಲ್ಲದೆ ಆಡುತ್ತಾಳೆ. ಇದನ್ನು ನಾನು ನೋಡಿದ್ದೇನೆ.

ಮೊದಲು ಔಟಾಗುವವರು ಯಾರು?

ಕೆರೆ-ದಡ ನಮಗೆಲ್ಲ ಗೊತ್ತಿರುವ ಆಟ. ಒಂದು ಗೆರೆ ಎಳೆದರೆ ಸಾಕು. ಗೆರೆಯ ಒಂದು ಕಡೆ ಕೆರೆ, ಇನ್ನೊಂದು ಕಡೆ ದಡ. ಕೂಗುವವರು 'ಕೆರೆ' ಎಂದರೆ ಒಳಗೆ ಜಿಗಿಯಬೇಕು, 'ದಡ' ಎಂದರೆ ಹೊರಗೆ. ತಪ್ಪಿದವರು ಔಟು.

ಇದನ್ನು ವಿಜ್ಞಾನಕ್ಕೆ ಹೊಂದಿಸುವುದು ಸುಲಭ. ಕೆರೆ ಎಂದರೆ ಆಮ್ಲ, ದಡ ಎಂದರೆ ಪ್ರತ್ಯಾಮ್ಲ. 'ನಿಂಬೆರಸ' ಎಂದು ಕೂಗಿದರೆ ಕೆರೆಗೆ, 'ಸೋಪಿನ ನೀರು' ಎಂದರೆ ದಡಕ್ಕೆ. ಹುಣಸೆ, ಮಜ್ಜಿಗೆ, ಸುಣ್ಣದ ತಿಳಿನೀರು, ಅಡುಗೆ ಸೋಡ ಹೀಗೆ ಮುಂದುವರಿಸಬಹುದು. 'ಉಪ್ಪಿನ ನೀರು' ಎಂದಾಗ ಗೆರೆಯ ಮೇಲೇ ನಿಲ್ಲಬೇಕು, ಅದು ತಟಸ್ಥ. ಬೆಂಚು ಸರಿಸಲು ಆಗದ ಕೊಠಡಿಯಲ್ಲಿ ಸಾಲಿನ ಎಡಕ್ಕೊಂದು ಹೆಜ್ಜೆ, ಬಲಕ್ಕೊಂದು ಹೆಜ್ಜೆ ಇಟ್ಟರೂ ಆಟ ನಡೆಯುತ್ತದೆ.

ಈಗ ಹಳೆಯ ನಿಯಮದಂತೆ, ತಪ್ಪಿದವರು ಔಟು ಎಂದು ಆಡಿಸಿ ನೋಡಿ. ಮೊದಲ ಕೂಗಿಗೇ ಗೋಡೆಯ ಪಕ್ಕ ಹೋಗಿ ಕೂರುವವರು ಆಮ್ಲ-ಪ್ರತ್ಯಾಮ್ಲ ಗೊತ್ತಿಲ್ಲದ ಮಕ್ಕಳು. ಕೊನೆಯವರೆಗೆ ಆಡುವವರು ಮೊದಲೇ ಗೊತ್ತಿದ್ದವರು. ಯಾರಿಗೆ ಪಾಠ ಹೆಚ್ಚು ಬೇಕೋ ಅವರಿಗೆ ಕಡಿಮೆ ಆಟ. ಯಾರಿಗೆ ಬೇಕಿಲ್ಲವೋ ಅವರಿಗೆ ಪೂರ್ತಿ ಆಟ. ಬೀದಿಯ ಆಟಕ್ಕೆ ಈ ನಿಯಮ ಸರಿ, ಅಲ್ಲಿ ಗೆಲುವೇ ಗುರಿ. ತರಗತಿಯಲ್ಲಿ ಇದೇ ನಿಯಮ ಆಟವನ್ನು ಒಂದು ಪರೀಕ್ಷೆಯಾಗಿ ಮಾಡುತ್ತದೆ, ಅದೂ ಎಲ್ಲರ ಕಣ್ಣೆದುರು ನಡೆಯುವ ಪರೀಕ್ಷೆ. ಎರಡು ತಂಡ ಮಾಡಿ, ಮೊದಲು ಕೈ ಎತ್ತಿದವರಿಗೆ ಅಂಕ ಕೊಡುವ ರಸಪ್ರಶ್ನೆಯೂ ಅಷ್ಟೇ. ತಂಡದಲ್ಲಿ ಹತ್ತೊಂಬತ್ತು ಮಂದಿ ಚಪ್ಪಾಳೆ ಹೊಡೆಯಲು, ಒಬ್ಬರು ಉತ್ತರ ಹೇಳಲು.

ನಿಯಮವನ್ನು ಸ್ವಲ್ಪ ಬದಲಿಸಿದರೆ ಆಟದ ಸ್ವಭಾವವೇ ಬದಲಾಗುತ್ತದೆ. ಕೂಗಿದ ಕೂಡಲೇ ಎಲ್ಲರೂ ಕಣ್ಣು ಮುಚ್ಚಿ ಎಡಗೈಯನ್ನೋ ಬಲಗೈಯನ್ನೋ ಎತ್ತಿ ತಮ್ಮ ಉತ್ತರ ತೋರಿಸಬೇಕು, ಆಮೇಲೆ ಕಣ್ಣು ತೆರೆದು ಜಿಗಿಯಬೇಕು. ಇದರಿಂದ ಪಕ್ಕದವರನ್ನು ನೋಡಿ ಜಿಗಿಯುವುದು ತಪ್ಪುತ್ತದೆ, ಮತ್ತು ಯಾರಿಗೆ ಏನು ಗೊತ್ತು ಎಂಬುದು ಶಿಕ್ಷಕರಿಗೆ ಒಂದೇ ನೋಟದಲ್ಲಿ ಸಿಗುತ್ತದೆ. ತಪ್ಪು ಕಡೆ ನಿಂತವರು ಎದುರಿಗಿರುವ ಒಬ್ಬರ ಬಳಿ ಹೋಗಿ 'ಯಾಕೆ?' ಎಂದು ಕೇಳಬೇಕು. ಕಾರಣ ಕೇಳಿಕೊಂಡು ಬಂದವರಲ್ಲಿ ಒಬ್ಬರು ಮುಂದಿನ ವಸ್ತುವನ್ನು ಕೂಗಬೇಕು. ಕೂಗುವುದು ಮಕ್ಕಳಿಗೆ ಇಷ್ಟದ ಕೆಲಸ. ಕೂಗಬೇಕಾದರೆ ಉತ್ತರ ಗೊತ್ತಿರಬೇಕು, ಆದ್ದರಿಂದ ಕೂಗುವ ಮೊದಲು ಅವರು ಯೋಚಿಸುತ್ತಾರೆ.

ಈ ಆಟದಲ್ಲಿ ಒಂದು ಸಲವಾದರೂ 'ಎಳನೀರು' ಎಂದು ಕೂಗಿ ನೋಡಿ. ತೆಂಗಿನ ಸೀಮೆಯ ಮಕ್ಕಳಿಗೆ ಎಳನೀರಿನ ಬಗ್ಗೆ ಕೇಳುವುದೇನಿದೆ ಎನಿಸಬಹುದು. ಆದರೆ ತರಗತಿ ಮೂರು ಪಾಲಾಗುತ್ತದೆ. ಸಿಹಿಯಾಗಿದೆ, ಆದ್ದರಿಂದ ಆಮ್ಲವಲ್ಲ ಎನ್ನುವವರು, ಹೊಟ್ಟೆ ಉರಿಗೆ ಕುಡಿಯುತ್ತಾರೆ, ಆದ್ದರಿಂದ ಪ್ರತ್ಯಾಮ್ಲ ಎನ್ನುವವರು, ನೀರಲ್ಲವೇ, ಗೆರೆಯ ಮೇಲೆ ಎನ್ನುವವರು. ಕೆರೆಗೆ ಜಿಗಿಯುವವರು ಬೆರಳೆಣಿಕೆಯಷ್ಟು. ಮರುದಿನ ಒಂದು ಎಳನೀರು ತಂದು ಪಿ.ಎಚ್. ಕಾಗದ ಅದ್ದಿದರೆ ಅದು ಸೌಮ್ಯ ಆಮ್ಲ ಎಂದು, ಪಿ.ಎಚ್. ಸುಮಾರು 5 ಎಂದು ತೋರುತ್ತದೆ. ಪ್ರಯೋಗದ ಫಲಿತಾಂಶಕ್ಕಾಗಿ ಮಕ್ಕಳು ಕಾಯುವುದು ಎಷ್ಟು ಅಪರೂಪ ಎಂಬುದು ಬೋಧನಾಭ್ಯಾಸ ಮಾಡಿದ ಎಲ್ಲರಿಗೂ ಗೊತ್ತು. ಇಲ್ಲಿ ಕಾಯುತ್ತಾರೆ. ಹಿಂದಿನ ದಿನ ತಮ್ಮ ಮೈಯನ್ನೇ ಒಂದು ಉತ್ತರದ ಮೇಲೆ ನಿಲ್ಲಿಸಿದ್ದಾರಲ್ಲ, ಅದಕ್ಕೆ.

ಏಳು-ಕೂರು

ವರ್ಗಸಂಖ್ಯೆಗಳ ಪಾಠಕ್ಕೆ ನಾನು ಬಳಸಿದ ಆಟ ಇದು. ಗಣಿತದಲ್ಲಿ ಹಳೆಯದಾಗಿ ಪ್ರಸಿದ್ಧವಾದ ಒಂದು ಸಮಸ್ಯೆಯ ತರಗತಿ ರೂಪ. ಸಾಮಗ್ರಿ ಏನೂ ಬೇಡ, ಹಳೆಯ ನೋಟ್‌ಬುಕ್‌ನ ರಟ್ಟಿನಲ್ಲಿ ಬರೆದ ಸಂಖ್ಯೆಗಳು ಸಾಕು. ತರಗತಿಯಲ್ಲಿ 36 ಮಕ್ಕಳಿದ್ದಾರೆ ಎಂದುಕೊಳ್ಳಿ. ಪ್ರತಿಯೊಬ್ಬರಿಗೂ 1ರಿಂದ 36ರವರೆಗಿನ ಒಂದು ಸಂಖ್ಯೆ. ಎಲ್ಲರೂ ಕೂತಿದ್ದಾರೆ. ನಿಯಮ ಇಷ್ಟೇ: ಕರೆದ ಸಂಖ್ಯೆಯ ಅಪವರ್ತ್ಯ ನೀವಾಗಿದ್ದರೆ, ಕೂತಿದ್ದರೆ ಏಳಿ, ನಿಂತಿದ್ದರೆ ಕೂರಿ.

'ಒಂದು' ಎಂದಾಗ ಎಲ್ಲರೂ ಏಳುತ್ತಾರೆ. 'ಎರಡು' ಎಂದಾಗ ಸಮಸಂಖ್ಯೆಗಳು ಕೂರುತ್ತವೆ. 'ಮೂರು' ಎಂದಾಗ 3, 9, 15 ಕೂರುತ್ತವೆ, 6, 12, 18 ಏಳುತ್ತವೆ. ಹೀಗೆ 36ರವರೆಗೆ. 18 ದಾಟಿದ ಮೇಲೆ ಪ್ರತಿ ಸುತ್ತಿನಲ್ಲಿ ಒಬ್ಬೊಬ್ಬರೇ ಏಳುವುದು, ಕೂರುವುದು. ಇದನ್ನು ನಾನು ಹೇಳಬೇಕಾಗಿ ಬರಲಿಲ್ಲ. 'ಮಿಸ್, ಇನ್ಮೇಲೆ ಅವರವರ ನಂಬರ್ ಅಷ್ಟೇ ಅಲ್ವಾ?' ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂತು. ಅರ್ಧದ ಆಚೆಗಿನ ಸಂಖ್ಯೆಗೆ ಆ ಮಿತಿಯೊಳಗೆ ಎರಡನೇ ಅಪವರ್ತ್ಯ ಇರುವುದಿಲ್ಲ ಎಂಬ ಮಾತನ್ನು ಮಗು ತನ್ನ ಭಾಷೆಯಲ್ಲಿ ಹೇಳಿತ್ತು.

ಆಟ ಮುಗಿದಾಗ ನಿಂತಿರುವವರು ಆರೇ ಮಂದಿ: 1, 4, 9, 16, 25, 36. ಯಾಕೆ ಇವರೇ? ಮಕ್ಕಳು ತಾವು ಎಷ್ಟು ಸಲ ಎದ್ದು ಕೂತೆವು ಎಂದು ಲೆಕ್ಕ ಹಾಕತೊಡಗುತ್ತಾರೆ. 24 ಎಂಟು ಸಲ, 36 ಒಂಬತ್ತು ಸಲ. 7, 11, 13, 29 ಎಲ್ಲರೂ ಎರಡೇ ಸಲ, 1ಕ್ಕೆ ಎದ್ದು ತಮ್ಮ ಸಂಖ್ಯೆಗೆ ಕೂತವರು. ಅವಿಭಾಜ್ಯ ಸಂಖ್ಯೆಯ ವ್ಯಾಖ್ಯೆ ಅವರ ಮೊಣಕಾಲಿಗೆ ತಿಳಿದಿದೆ. ಅಪವರ್ತನಗಳು ಜೋಡಿಜೋಡಿಯಾಗಿ ಬರುತ್ತವೆ, 24ಕ್ಕೆ 1 ಮತ್ತು 24, 2 ಮತ್ತು 12, 3 ಮತ್ತು 8, 4 ಮತ್ತು 6. 36ರಲ್ಲಿ 6ಕ್ಕೆ ಜೋಡಿ 6 ತಾನೇ, ಆದ್ದರಿಂದ ಒಂದು ಎಣಿಕೆ ಒಂಟಿಯಾಗುತ್ತದೆ, ಒಟ್ಟು ಬೆಸವಾಗುತ್ತದೆ, 36 ನಿಂತೇ ಉಳಿಯುತ್ತದೆ.

ಇಡೀ ಆಟಕ್ಕೆ ಏಳೆಂಟು ನಿಮಿಷ ಸಾಕು. ಈಗ ಒಂದು ಲೆಕ್ಕ ಹಾಕೋಣ. 40 ನಿಮಿಷದ ಅವಧಿಯಲ್ಲಿ ನಾವು 20 ಪ್ರಶ್ನೆ ಕೇಳಿದರೆ ಹೆಚ್ಚೆಂದರೆ 20 ಮಕ್ಕಳು ಉತ್ತರಿಸಬಹುದು, ನಿಜದಲ್ಲಿ ಐದಾರು ಕೈಗಳೇ ಮತ್ತೆ ಮತ್ತೆ ಏಳುತ್ತವೆ. ಈ ಆಟದಲ್ಲಿ 36 ಸುತ್ತು, ಪ್ರತಿ ಸುತ್ತಿನಲ್ಲೂ 36 ಮಕ್ಕಳು 'ಈ ಸಂಖ್ಯೆ ನನ್ನನ್ನು ಭಾಗಿಸುತ್ತದೆಯೇ?' ಎಂದು ತಮ್ಮನ್ನೇ ಕೇಳಿಕೊಳ್ಳಬೇಕು. ಒಟ್ಟು 1,296 ತೀರ್ಮಾನಗಳು. ಕೊನೆಯ ಸುತ್ತುಗಳ ತೀರ್ಮಾನ ಸುಲಭದ್ದು ಎಂದು ಅರ್ಧಕ್ಕರ್ಧ ಕಳೆದರೂ ಹೋಲಿಕೆಗೆ ನಿಲ್ಲುವುದಿಲ್ಲ. ಯಾರಾದರೂ ತಪ್ಪಾಗಿ ಎದ್ದರೆ ಪಕ್ಕದವರೇ ಸರಿಪಡಿಸುತ್ತಾರೆ. ಯಾಕೆಂದರೆ ಕೊನೆಯಲ್ಲಿ ಏನು ಉಳಿಯುತ್ತದೆ ಎಂಬ ಕುತೂಹಲ ಇಡೀ ತರಗತಿಯದು.

ಏಳಲು ಕೂರಲು ಕಷ್ಟವಾಗುವ ಮಗು ತರಗತಿಯಲ್ಲಿದ್ದರೆ ಆ ಮಗುವಿಗೆ ಅಂಕ ಬರೆಯುವ ಕೆಲಸ ಕೊಟ್ಟು ಬದಿಗೆ ಕೂರಿಸುವುದು ನಮ್ಮ ರೂಢಿ. ನೋಡಲು ದಯೆಯಂತಿದ್ದರೂ ಅದು ಔಟು ಮಾಡುವ ಇನ್ನೊಂದು ರೀತಿಯೇ. ಅದರ ಬದಲು ಎಲ್ಲರಿಗೂ ಚಲನೆಯನ್ನೇ ಬದಲಿಸಿ: ರಟ್ಟಿನ ಒಂದು ಬದಿಗೆ ಬಣ್ಣ ಹಚ್ಚಿ, ಏಳುವ ಬದಲು ರಟ್ಟನ್ನು ಮೇಲೆತ್ತಿ ತಿರುಗಿಸಲಿ. ಆಟ ಹಾಗೆಯೇ ಇರುತ್ತದೆ.

ತೋಟದ ಆಟ

ಮೂರನೆಯದು ಅಂಗಳದಲ್ಲಿ ಆಡುವ ಆಟ. ನಮ್ಮ ಭಾಗದ ತೆಂಗಿಗೆ ಕಪ್ಪುತಲೆ ಹುಳುವಿನ ಕಾಟ ಎಲ್ಲರಿಗೂ ಗೊತ್ತು. ಅದು ಗರಿಯ ಕೆಳಭಾಗವನ್ನು ಕೆರೆದು ತಿಂದಾಗ ಮರ ಬೆಂಕಿ ತಾಗಿದಂತೆ ಒಣಗಿ ಕಾಣುತ್ತದೆ. ಇದರ ಹತೋಟಿಗೆ ಗೋನಿಯೋಜಸ್ ಎಂಬ ಪುಟ್ಟ ಕಣಜವನ್ನು ಸಾಕಿ ತೋಟಗಳಿಗೆ ಬಿಡುತ್ತಾರೆ. ಕಣಜ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಮೊಟ್ಟೆಯೊಡೆದು ಬಂದ ಮರಿಗಳು ಹುಳುವನ್ನೇ ತಿಂದು ಬೆಳೆಯುತ್ತವೆ.

ನಲವತ್ತು ಮಕ್ಕಳಲ್ಲಿ 26 ಮಂದಿ ಗರಿಗಳು, 10 ಮಂದಿ ಹುಳುಗಳು, 4 ಮಂದಿ ಕಣಜಗಳು. ಗರಿಗಳು ನಿಂತಲ್ಲೇ ಕೈಚಾಚಿ ನಿಲ್ಲುತ್ತವೆ. ಚಪ್ಪಾಳೆಗೆ ಹುಳುಗಳು ನಡೆದು ಹೋಗಿ ಒಂದೊಂದು ಗರಿಯನ್ನು ಮುಟ್ಟಬೇಕು, ಅದೇ ಹೊತ್ತಿಗೆ ಕಣಜಗಳು ಒಂದೊಂದು ಹುಳುವನ್ನು ಮುಟ್ಟಬೇಕು. ಓಡುವಂತಿಲ್ಲ. ಇಪ್ಪತ್ತು ಎಣಿಸುವಷ್ಟರಲ್ಲಿ ಸುತ್ತು ಮುಗಿಯುತ್ತದೆ. ಹುಳು ಮುಟ್ಟಿದ ಗರಿ ಮುಂದಿನ ಸುತ್ತಿಗೆ ಹುಳು. ಕಣಜ ಮುಟ್ಟಿದ ಹುಳು ಮುಂದಿನ ಸುತ್ತಿಗೆ ಕಣಜ. ಆಹಾರ ಸಿಗದ ಹುಳು, ಹುಳು ಸಿಗದ ಕಣಜ ಸತ್ತು ಗರಿಗಳಾಗುತ್ತವೆ. ಪ್ರತಿ ಸುತ್ತಿನ ಕೊನೆಗೆ ಮೂರರ ಎಣಿಕೆಯನ್ನೂ ಬರೆದುಕೊಳ್ಳಬೇಕು.

ಎಂಟು ಹತ್ತು ಸುತ್ತಿನ ಎಣಿಕೆಯನ್ನು ನಕ್ಷೆಗೆ ಏರಿಸಿದಾಗ ಮೊದಲು ಹುಳುವಿನ ಗೆರೆ ಏರುತ್ತದೆ, ಅದರ ಹಿಂದೆ ಸ್ವಲ್ಪ ತಡವಾಗಿ ಕಣಜದ ಗೆರೆ ಏರುತ್ತದೆ, ಆಮೇಲೆ ಹುಳು ಇಳಿಯುತ್ತದೆ. ಎರಡನೇ ಸಲ ಆಡುವಾಗ ಮಧ್ಯದಲ್ಲಿ 'ಔಷಧಿ ಹೊಡೆದರು' ಎಂದು ಘೋಷಿಸಿ. ಎರಡು ಹುಳು ಮಾತ್ರ ಗರಿಯ ಸಂದಿಯಲ್ಲಿ ಉಳಿದವು, ಉಳಿದ ಹುಳು, ಕಣಜ ಎಲ್ಲವೂ ಗರಿಗಳಾಗಬೇಕು. ಮುಂದಿನ ಸುತ್ತಿನಲ್ಲಿ ಎರಡು ಹುಳು ನಾಲ್ಕಾಗುತ್ತದೆ, ನಾಲ್ಕು ಎಂಟಾಗುತ್ತದೆ, ಎಂಟು ಹದಿನಾರಾಗುತ್ತದೆ. ತಡೆಯಲು ಕಣಜವೇ ಇಲ್ಲ. ಜೈವಿಕ ಹತೋಟಿಯ ಬಗ್ಗೆ ಒಂದು ಪುಟ ಓದಿಸುವುದಕ್ಕಿಂತ ಈ ನಾಲ್ಕು ಸುತ್ತು ಹೆಚ್ಚು ಹೇಳುತ್ತವೆ. ಇಲ್ಲೂ ಯಾರೂ ಔಟಾಗುವುದಿಲ್ಲ, ಪಾತ್ರ ಬದಲಾಗುತ್ತದೆ ಅಷ್ಟೇ. ಪರಿಸರ ವ್ಯವಸ್ಥೆಯಲ್ಲೂ ಸತ್ತದ್ದು ಎಲ್ಲಿಗೂ ಹೊರಗೆ ಹೋಗುವುದಿಲ್ಲವಲ್ಲ. ಆಟದ ನಿಯಮವೇ ಪಾಠದ ಪರಿಕಲ್ಪನೆಯಾಗಿದ್ದರೆ ಅದು ಒಳ್ಳೆಯ ಆಟ ಎಂದು ನಾನು ತಿಳಿಯುತ್ತೇನೆ.

ಆಟ ಮುಗಿದ ಮೇಲೆ

ಆಟ ಆಡಿಸಿ ಗಂಟೆ ಹೊಡೆದರೆ ಮಕ್ಕಳಿಗೆ ಉಳಿಯುವುದು ನಗು ಮಾತ್ರ. ಆಟದ ನಂತರದ ಐದು ನಿಮಿಷದ ಮಾತಿಗೆ ಪಾಠಯೋಜನೆಯಲ್ಲಿ ಜಾಗ ಕಾಯ್ದಿರಿಸಲೇಬೇಕು. ನಾನು ಎರಡೇ ಪ್ರಶ್ನೆ ಕೇಳುತ್ತೇನೆ: ಈ ಆಟದಲ್ಲಿ ನಿಜ ಯಾವುದು? ಸುಳ್ಳು ಯಾವುದು? ತೋಟದ ಆಟದ ನಂತರ 'ಗರಿ ಎಲ್ಲಾದರೂ ಹುಳು ಆಗುತ್ತಾ?' ಎಂದು ಮಕ್ಕಳೇ ಆಕ್ಷೇಪಿಸುತ್ತಾರೆ. ಹಾಗಾದರೆ ಹುಳು ತಿಂದ ಗರಿ ಏನಾಯಿತು ಎಂದು ಮರುಪ್ರಶ್ನೆ ಹಾಕಿದರೆ ಆಹಾರ, ಶಕ್ತಿ, ಸಂತತಿಯ ಕಡೆಗೆ ಮಾತು ತಾನಾಗಿ ಹೋಗುತ್ತದೆ. ಸುಳ್ಳನ್ನು ಗುರುತಿಸಿದ ಮಗು ಪರಿಕಲ್ಪನೆಯನ್ನು ಹಿಡಿದಿದೆ ಎಂದು ಅರ್ಥ.

ಎಲ್ಲ ಪಾಠಕ್ಕೂ ಆಟ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಸಮೀಕರಣ ಸರಿದೂಗಿಸುವುದಕ್ಕೆ, ರಚನೆಗಳಿಗೆ, ಲೆಕ್ಕದ ಅಭ್ಯಾಸಕ್ಕೆ ಕಾಗದ, ಪೆನ್ಸಿಲು ಮತ್ತು ಮೌನವೇ ಬೇಕು. ವಾರಕ್ಕೊಂದು ಆಟ, ಹತ್ತು ನಿಮಿಷ. ನಾನು ಕೇಳುತ್ತಿರುವುದು ಅಷ್ಟೇ. ನಿಯಮ ಮೂರು ವಾಕ್ಯದಲ್ಲಿ ಹೇಳಲಾಗದಿದ್ದರೆ ಆ ಆಟ ತರಗತಿಗೆ ಬೇಡ. ಲೆಕ್ಕಕ್ಕಿಲ್ಲದ ಒಂದು ಸುತ್ತು ಮೊದಲು ಆಡಿಸಬೇಕು. ನಿಲ್ಲಿಸುವ ಸಂಕೇತವನ್ನು ಆಟಕ್ಕೆ ಮೊದಲೇ ಅಭ್ಯಾಸ ಮಾಡಿಸಬೇಕು. ಮೂರು ಚಪ್ಪಾಳೆ ಎಂದರೆ ಇದ್ದಲ್ಲೇ ಕಲ್ಲಾಗುವುದು, ಅದೂ ಮಕ್ಕಳಿಗೆ ಆಟವೇ.

ಸದ್ದಿನ ಪ್ರಶ್ನೆ

ಕೊನೆಯ ಆಕ್ಷೇಪ ಸದ್ದು. ಪಕ್ಕದ ತರಗತಿಗೆ ತೊಂದರೆಯಾಗುತ್ತದೆ ಎಂಬುದು ನ್ಯಾಯವಾದ ದೂರು. ಅದಕ್ಕೆ ಪಕ್ಕದ ಶಿಕ್ಷಕರಿಗೆ ಮೊದಲೇ ತಿಳಿಸುವುದು, ಅಂಗಳ ಬಳಸುವುದು, ಏಳು-ಕೂರು ತರಹದ ಆಟಗಳನ್ನು ಮಾತಿಲ್ಲದೆ ಆಡಿಸುವುದು ಹೀಗೆ ದಾರಿಗಳಿವೆ. ನನ್ನ ತಕರಾರು ಬೇರೆ. ಒಂದು ಪಾಠದ ವೀಕ್ಷಣಾ ನಮೂನೆಯಲ್ಲಿ ನನಗೆ ಸಿಕ್ಕ ಷರಾ, 'ತರಗತಿ ನಿಯಂತ್ರಣ ಸಾಲದು'. ಆ ಹತ್ತು ನಿಮಿಷದಲ್ಲಿ ತರಗತಿಯ ಎಲ್ಲ ಮಕ್ಕಳೂ ಪಾಠದ ಕೆಲಸವನ್ನೇ ಮಾಡುತ್ತಿದ್ದರು. ಇನ್ನೊಬ್ಬ ಪ್ರಶಿಕ್ಷಣಾರ್ಥಿಯ ನಿಶ್ಶಬ್ದ ತರಗತಿಗೆ ಒಳ್ಳೆಯ ಷರಾ ಸಿಕ್ಕಿತು. ಅಲ್ಲಿ ಹಿಂದಿನ ಎರಡು ಸಾಲು ಕಿಟಕಿಯ ಹೊರಗೆ ನೋಡುತ್ತಿತ್ತು. ನಮೂನೆಯಲ್ಲಿ ಸದ್ದನ್ನು ಬರೆಯಲು ಜಾಗವಿದೆ. ಕಿಟಕಿಯ ಹೊರಗೆ ಹೋದ ಕಣ್ಣುಗಳನ್ನು ಬರೆಯಲು ಜಾಗವಿಲ್ಲ.

ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'ದ ಶಿಕ್ಷಕ ಮೊದಲ ದಿನ ನಾಲ್ಕನೇ ತರಗತಿಯಲ್ಲಿ ಮೌನದ ಆಟ ಆಡಿಸಲು ಹೋಗಿ ಗದ್ದಲವೆದ್ದು ಸೋಲುತ್ತಾರೆ. ಮರುದಿನ ಬೇರೆ ದಾರಿ ಹಿಡಿದು ಕಥೆಯಿಂದ ಶುರುಮಾಡುತ್ತಾರೆ. ಆ ಪುಸ್ತಕವನ್ನು ನಾವೆಲ್ಲ ಮೆಚ್ಚಿ ಮಾತಾಡುತ್ತೇವೆ. ಅದೇ ಶಿಕ್ಷಕ ಇಂದು ಪ್ರಶಿಕ್ಷಣಾರ್ಥಿಯಾಗಿ ಬಂದಿದ್ದರೆ, ಮೊದಲ ದಿನದ ವೀಕ್ಷಣೆಯಲ್ಲಿ ಅವರಿಗೆ ಎಷ್ಟು ಅಂಕ ಸಿಗುತ್ತಿತ್ತು ಎಂದು ಯೋಚಿಸಬೇಕು.

ಆದ್ದರಿಂದ ನಮ್ಮ ಉಪನ್ಯಾಸಕರಲ್ಲಿ ಮತ್ತು ಸಹ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ವಿನಂತಿ ನಾಲ್ಕು. ಸೂಕ್ಷ್ಮ ಬೋಧನೆಯ ಪಟ್ಟಿಗೆ ಗುಂಪು ಆಟ ನಡೆಸುವ ಕೌಶಲವನ್ನು ಸೇರಿಸಿ, ಇಡೀ ವಿಭಾಗದ ಸಹಪಾಠಿಗಳನ್ನು ಎದುರಿಗೆ ನಿಲ್ಲಿಸಿಕೊಂಡು ಅಭ್ಯಾಸ ಮಾಡೋಣ. ಪಾಠಯೋಜನೆಯಲ್ಲಿ 'ಶಿಕ್ಷಕರ ಚಟುವಟಿಕೆ', 'ವಿದ್ಯಾರ್ಥಿಗಳ ಚಟುವಟಿಕೆ' ಎಂಬ ಅಂಕಣಗಳ ಪಕ್ಕದಲ್ಲಿ 'ಈ ಚಟುವಟಿಕೆಯಿಂದ ಹೊರಗುಳಿಯುವವರು ಯಾರು?' ಎಂಬ ಒಂದು ಸಾಲು ಇರಲಿ. ವೀಕ್ಷಣೆಗೆ ಬಂದವರು ಹತ್ತು ನಿಮಿಷಕ್ಕೊಮ್ಮೆ ತಲೆ ಎಣಿಸಲಿ. ಈ ಕ್ಷಣ ಪಾಠದ ಕೆಲಸದಲ್ಲಿ ತೊಡಗಿರುವ ಮಕ್ಕಳು ಎಷ್ಟು ಎಂದು ಬರೆದ ಸಂಖ್ಯೆ, ಸದ್ದಿನ ಬಗ್ಗೆ ಬರೆದ ಷರಾಕ್ಕಿಂತ ನಮಗೆ ಹೆಚ್ಚು ಕಲಿಸುತ್ತದೆ. ನಾಲ್ಕನೆಯದಾಗಿ, ಈ ಪತ್ರಿಕೆಯ ಪ್ರತಿ ಸಂಚಿಕೆಯಲ್ಲಿ ಒಂದು ಪುಟವನ್ನು ಆಡಿಸಿ ನೋಡಿದ ಆಟಗಳಿಗೆ ಮೀಸಲಿಡೋಣ. ತರಗತಿ, ಪಾಠ, ನಿಯಮ, ಬೇಕಾದ ಸಮಯ, ಎಲ್ಲಿ ಹೊಂದಲಿಲ್ಲ ಎಂಬುದು, ಇಷ್ಟು ಬರೆದರೆ ಸಾಕು. ಎರಡು ವರ್ಷದ ಕೋರ್ಸಿನಲ್ಲಿ ಇಪ್ಪತ್ತು ವಾರ ಶಾಲೆಗಳಲ್ಲಿ ಕಳೆಯುವ ನಾವು ತಲಾ ಒಂದೊಂದು ಆಟ ಬರೆದರೂ, ಮುಂದಿನ ವರ್ಷ ಬರುವವರ ಕೈಗೆ ಒಂದು ಕೈಪಿಡಿ ಸಿಗುತ್ತದೆ. ಮೊದಲ ಮೂರು ಆಟ ಮೇಲೆ ಬರೆದಿದ್ದೇನೆ, ನಾಲ್ಕನೆಯದನ್ನು ನೀವು ಬರೆಯಿರಿ.